ರಿಚರ್ಡ್ ಡೆಡೆಕಿಂಡ್: ಮ.ಸಾ.ಅ., ಲ.ಸಾ.ಅ.ಗಳಿಂದ ಲ್ಯಾಟಿಸ್‌ವರೆಗೆ

ಮ.ಸಾ.ಅ., ಲ.ಸಾ.ಅ. ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಪರೀಕ್ಷೆಯ ಎರಡು ಅಂಕಗಳು. ಲೆಕ್ಕ ಮುಗಿಯಿತೆಂದರೆ ಪುಸ್ತಕ ಮುಚ್ಚುತ್ತಾರೆ. ಆದರೆ ಇದೇ ಎರಡು ಕ್ರಿಯೆಗಳನ್ನು ವರ್ಷಗಟ್ಟಲೆ ಗಮನಿಸಿ, ಬೀಜಗಣಿತದ ಒಂದು ಹೊಸ ಶಾಖೆಗೇ ಅಡಿಪಾಯ ಹಾಕಿದ ಅಧ್ಯಾಪಕರೊಬ್ಬರಿದ್ದರು. ಅವರೇ ಜರ್ಮನಿಯ ರಿಚರ್ಡ್ ಡೆಡೆಕಿಂಡ್. ಆ ಶಾಖೆಯೇ ಲ್ಯಾಟಿಸ್ ಸಿದ್ಧಾಂತ.

ಡೆಡೆಕಿಂಡ್ ಅವರು 1831ರ ಅಕ್ಟೋಬರ್ 6ರಂದು ಬ್ರೌನ್‌ಷ್ವೈಗ್ ಪಟ್ಟಣದಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರ ಒಲವು ಭೌತಶಾಸ್ತ್ರ, ರಸಾಯನಶಾಸ್ತ್ರಗಳತ್ತ ಇತ್ತು. ಭೌತಶಾಸ್ತ್ರದ ತರ್ಕದಲ್ಲಿ ಅಚ್ಚುಕಟ್ಟು ಸಾಲದೆಂದು ಕಂಡು ಗಣಿತಕ್ಕೆ ಬಂದರು. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಮಹಾನ್ ಗಣಿತಜ್ಞ ಗಾಸ್ ಅವರ ಕೈಕೆಳಗೆ 1852ರಲ್ಲಿ ಡಾಕ್ಟರೇಟ್ ಪಡೆದರು. ತಾವೇ ಪಾಠ ಹೇಳುವ ಅರ್ಹತೆ ಗಳಿಸಿದ ಮೇಲೂ ಡಿರಿಕ್ಲೆ ಅವರ ತರಗತಿಯಲ್ಲಿ ವಿದ್ಯಾರ್ಥಿಗಳ ನಡುವೆ ಹೋಗಿ ಕೂರುತ್ತಿದ್ದರು. ಪದವಿ ಸಿಕ್ಕೊಡನೆ ಓದು ನಿಲ್ಲಿಸುವ ನಾವು ಇದನ್ನು ಗಮನಿಸಬೇಕು.

1858ರಲ್ಲಿ ಜ್ಯೂರಿಕ್‌ನಲ್ಲಿ ಕಲನಶಾಸ್ತ್ರದ ಪಾಠ ಸಿದ್ಧಪಡಿಸುವಾಗ, ವಾಸ್ತವ ಸಂಖ್ಯೆಗಳಿಗೆ ಗಟ್ಟಿಯಾದ ವ್ಯಾಖ್ಯೆಯೇ ಇಲ್ಲವೆಂಬುದು ಅವರನ್ನು ಕಾಡಿತು. ಆಗಲೇ ಉತ್ತರವನ್ನೂ ಕಂಡುಕೊಂಡರು, ಆದರೆ ಅದನ್ನು ಪ್ರಕಟಿಸಿದ್ದು 1872ರಲ್ಲಿ! ಅವಸರವೆಂಬುದು ಅವರ ಸ್ವಭಾವದಲ್ಲೇ ಇರಲಿಲ್ಲ. 1862ರಲ್ಲಿ ಹುಟ್ಟೂರಿನ ತಾಂತ್ರಿಕ ಕಾಲೇಜಿಗೆ ಮರಳಿದವರು 1894ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ದುಡಿದರು. ಮದುವೆಯಾಗಲಿಲ್ಲ, ಬಹುಕಾಲ ಅಕ್ಕ ಯೂಲಿಯಾ ಅವರೊಡನೆ ಬಾಳಿದರು. ಬದುಕಿರುವಾಗಲೇ ಒಂದು ಪಂಚಾಂಗದಲ್ಲಿ ತಮ್ಮ ಮರಣದ ದಿನಾಂಕ ಅಚ್ಚಾದುದನ್ನು ಕಂಡು, ಆ ದಿನ ತಾವು ಗೆಳೆಯ ಕ್ಯಾಂಟರ್ ಜೊತೆ ಆರೋಗ್ಯವಾಗಿ ಮಾತನಾಡುತ್ತಿದ್ದುದಾಗಿ ಪ್ರಕಾಶಕರಿಗೆ ತಿಳಿಸಿದರಂತೆ.

ಇನ್ನು ಲ್ಯಾಟಿಸ್ ವಿಷಯಕ್ಕೆ ಬರೋಣ. 12ರ ಅಪವರ್ತನಗಳು 1, 2, 3, 4, 6, 12. ಒಂದೊಂದಕ್ಕೂ ಒಂದು ಚುಕ್ಕಿ ಇಡಿ. ಭಾಗಿಸುವ ಸಂಖ್ಯೆ ಕೆಳಗೆ, ಭಾಗವಾಗುವ ಸಂಖ್ಯೆ ಮೇಲೆ ಬರಲಿ. ನಡುವೆ ಗೆರೆ ಎಳೆಯಿರಿ. ಹಳೆಯ ಮನೆಗಳ ಜಾಲಂದ್ರದಂಥ ಚಿತ್ರವೊಂದು ಮೂಡುತ್ತದೆ. 4 ಮತ್ತು 6ರಿಂದ ಕೆಳಗಿಳಿದರೆ ದಾರಿಗಳು ಮೊದಲು ಕೂಡುವುದು 2ರಲ್ಲಿ, ಅದು ಮ.ಸಾ.ಅ. ಮೇಲೇರಿದರೆ ಕೂಡುವುದು 12ರಲ್ಲಿ, ಅದು ಲ.ಸಾ.ಅ. ಯಾವ ಎರಡು ಚುಕ್ಕಿ ಹಿಡಿದರೂ ಹೀಗೆ ಮೇಲೊಂದು, ಕೆಳಗೊಂದು ಸಂಗಮ ಖಚಿತವಾಗಿದ್ದರೆ ಆ ರಚನೆಯೇ ಲ್ಯಾಟಿಸ್.

ಡಿರಿಕ್ಲೆ ತೀರಿಕೊಂಡ ಮೇಲೆ ಅವರ ಸಂಖ್ಯಾಸಿದ್ಧಾಂತದ ಉಪನ್ಯಾಸಗಳನ್ನು ಡೆಡೆಕಿಂಡ್ ಸಂಪಾದಿಸಿದರು. 1871ರ ಆವೃತ್ತಿಗೆ ಸೇರಿಸಿದ ಅನುಬಂಧದಲ್ಲಿ ಸಂಖ್ಯೆಗಳ ಬದಲು ಸಂಖ್ಯೆಗಳ ಸಮೂಹಗಳನ್ನೇ ಲೆಕ್ಕಕ್ಕೆ ತಂದರು. ಒಂದು ಬಗೆಯ ಸಮೂಹಕ್ಕೆ ಮಾಡ್ಯೂಲ್ ಎಂದು ಹೆಸರು. ಅವುಗಳ ನಡುವೆಯೂ ಮ.ಸಾ.ಅ., ಲ.ಸಾ.ಅ.ಗಳಂಥ ಕ್ರಿಯೆಗಳಿದ್ದವು. ಆದರೆ ಸಂಖ್ಯೆಗಳಲ್ಲಿ ಈ ಎರಡು ಕ್ರಿಯೆಗಳಿಗೆ ತಪ್ಪದೆ ಒಪ್ಪುವ ವಿತರಣಾ ನಿಯಮ ಇಲ್ಲಿ ಮುರಿದುಬಿತ್ತು. ಅದಕ್ಕಿಂತ ಸಡಿಲವಾದ ಇನ್ನೊಂದು ನಿಯಮ ಮಾತ್ರ ಉಳಿಯಿತು. ಅದೇ ಇಂದಿನ ಮಾಡ್ಯುಲರ್ ನಿಯಮ. ಎರಡರ ಅಂತರವನ್ನು ಅವರು ಎಣಿಸಿಯೇ ತೋರಿಸಿದರು. ಮೂರು ವಸ್ತುಗಳಿಂದ ಹೊರಟು ಈ ಎರಡು ಕ್ರಿಯೆಗಳನ್ನು ಎಷ್ಟು ಸಲ ನಡೆಸಿದರೂ, ವಿತರಣಾ ನಿಯಮವಿದ್ದಲ್ಲಿ ಹೆಚ್ಚೆಂದರೆ 18 ಬೇರೆ ಬೇರೆ ಫಲಗಳು. ಮಾಡ್ಯುಲರ್ ನಿಯಮ ಮಾತ್ರ ಇದ್ದಲ್ಲಿ 28. ನಾಲ್ಕು ವಸ್ತುಗಳಾದರೆ ಮೊದಲನೆಯದು 166ಕ್ಕೆ ನಿಲ್ಲುತ್ತದೆ, ಎರಡನೆಯದಕ್ಕೆ ಕೊನೆಯೇ ಇಲ್ಲ.

1897 ಮತ್ತು 1900ರ ಎರಡು ಪ್ರಬಂಧಗಳಲ್ಲಿ ಇದನ್ನೆಲ್ಲ ಬರೆದಾಗ ಅವರ ವಯಸ್ಸು ಅರವತ್ತೈದು ದಾಟಿತ್ತು. ತರ್ಕಶಾಸ್ತ್ರದ ದಾರಿಯಿಂದ ಷ್ರೋಡರ್ ಎಂಬುವರೂ ಇಂಥದೇ ರಚನೆಯನ್ನು ತಲುಪಿದ್ದರು. ಆದರೂ ಈ ಪ್ರಬಂಧಗಳತ್ತ ಹೆಚ್ಚು ಜನ ತಿರುಗಿ ನೋಡಲಿಲ್ಲ. 1916ರ ಫೆಬ್ರವರಿ 12ರಂದು ಡೆಡೆಕಿಂಡ್ ಕಣ್ಮುಚ್ಚಿದಾಗಲೂ ಸ್ಥಿತಿ ಹಾಗೆಯೇ ಇತ್ತು.

ಅವರ ಸಮಗ್ರ ಬರಹಗಳನ್ನು 1930ರಿಂದ 1932ರೊಳಗೆ ಎಮ್ಮಿ ನೋಥರ್, ಫ್ರಿಕೆ ಮತ್ತು ಓರೆ ಹೊರತಂದರು. ನೋಥರ್ ಅವರಂತೂ ಎಲ್ಲವೂ ಡೆಡೆಕಿಂಡ್‌ರಲ್ಲೇ ಇದೆಯೆಂದು ಶಿಷ್ಯರಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಆ ತಾಯಿಯ ಉದ್ಯೋಗವನ್ನೇ ಕಿತ್ತುಕೊಳ್ಳಲಾಯಿತು. ಅದೇ ವರ್ಷಗಳಲ್ಲಿ ಅಮೆರಿಕದ ತರುಣ ಗ್ಯಾರೆಟ್ ಬರ್ಕಾಫ್ ತಮ್ಮದೇ ಹಾದಿಯಲ್ಲಿ ಇದೇ ರಚನೆಗೆ ಬಂದು ಲ್ಯಾಟಿಸ್ ಎಂಬ ಹೆಸರಿಟ್ಟರು. 1940ರಲ್ಲಿ ಅದರ ಮೇಲೆ ಗ್ರಂಥವನ್ನೂ ಬರೆದರು.

ಡೆಡೆಕಿಂಡ್ 1897ರಲ್ಲಿ ಆರಂಭಿಸಿದ ಎಣಿಕೆ ಇನ್ನೂ ಮುಗಿದಿಲ್ಲ. ವಿತರಣಾ ನಿಯಮದಡಿ ಒಂಬತ್ತು ವಸ್ತುಗಳಿಗೆ ಸಿಗುವ ಸಂಖ್ಯೆ ದೊಡ್ಡ ಕಂಪ್ಯೂಟರುಗಳ ನೆರವಿನಿಂದ ಗೊತ್ತಾದದ್ದು 2023ರಲ್ಲಿ. ಅದರಲ್ಲಿ 42 ಅಂಕೆಗಳಿವೆ.