ಕೆಲಸ ಬಿಡದೆ ಆಡಿದ ಗ್ರಾಂಡ್‌ಮಾಸ್ಟರ್

ಆನ್ ಆರ್ಬರ್‌ನಿಂದ ಐ-94 ಹಿಡಿದು ಪೂರ್ವಕ್ಕೆ ಹೋದ್ರೆ ಮುಕ್ಕಾಲು ಗಂಟೆಗೆ ಡೆಟ್ರಾಯಿಟ್, ಪಶ್ಚಿಮಕ್ಕೆ ಹೋದ್ರೆ ನಾಲ್ಕು ಗಂಟೆಗೆ ಶಿಕಾಗೋ. ನಮ್ಮಲ್ಲಿ ಬಹಳ ಜನ ಕೆಲಸದ ಮೇಲೆ ಈ ಎರಡೂ ಊರು ನೋಡಿದವರೇ. ಚದುರಂಗದ ಹುಚ್ಚು ಇರೋರಿಗೆ ಶಿಕಾಗೋ ಅಂದ ತಕ್ಷಣ ಬಾಬಿ ಫಿಶರ್ ನೆನಪಾಗ್ತಾರೆ, 1943ರಲ್ಲಿ ಅವರು ಹುಟ್ಟಿದ್ದು ಅಲ್ಲೇ. ಆದರೆ ಈ ಸಲದ ಸಂಚಿಕೆಗೆ ನಾನು ಬರೆಯಬೇಕು ಅಂದುಕೊಂಡಿದ್ದು ಫಿಶರ್ ಬಗ್ಗೆ ಅಲ್ಲ. ಡೆಟ್ರಾಯಿಟ್‌ನಲ್ಲಿ ಶಾಲೆ ಓದಿ, ಶಿಕಾಗೋದಲ್ಲಿ ಪದವಿ ಮುಗಿಸಿ, ಲೆಕ್ಕಪತ್ರದ ಕೆಲಸ ಮಾಡಿಕೊಂಡೇ ಜಗತ್ತಿನ ದೊಡ್ಡ ದೊಡ್ಡ ಆಟಗಾರರನ್ನು ಸೋಲಿಸಿದ ಸ್ಯಾಮುಯೆಲ್ ರೆಶೆವ್‌ಸ್ಕಿ ಬಗ್ಗೆ. ಅವರೂ ನಮ್ಮ ಹಾಗೆ ಹೊರಗಿನಿಂದ ಬಂದವರು.

ರೆಶೆವ್‌ಸ್ಕಿ ಹುಟ್ಟಿದ್ದು 1911ರ ನವೆಂಬರ್ 26ರಂದು, ಪೋಲೆಂಡಿನ ಲೋಡ್ಜ್ ನಗರದ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಆಗ ಅದು ರಷ್ಯಾದ ಆಳ್ವಿಕೆಯಲ್ಲಿತ್ತು. ಯಹೂದಿ ಕುಟುಂಬ, ಮನೆ ತುಂಬ ಮಕ್ಕಳು, ಇವನು ಆರನೆಯವನು. ಅಪ್ಪ ಆಡೋದನ್ನು ನೋಡಿ ನೋಡಿಯೇ ನಾಲ್ಕನೇ ವಯಸ್ಸಿಗೆ ಆಟ ಕಲಿತ. ಆರು, ಏಳು ವರ್ಷ ಆಗುವಷ್ಟರಲ್ಲಿ ಅಪ್ಪ ಅಮ್ಮ ಇವನನ್ನು ಊರೂರಿಗೆ ಕರೆದುಕೊಂಡು ಹೋಗಿ ಪ್ರದರ್ಶನ ಪಂದ್ಯ ಆಡಿಸೋಕೆ ಶುರು ಮಾಡಿದರು. ಒಬ್ಬನೇ ಹುಡುಗ, ಎದುರಿಗೆ ಇಪ್ಪತ್ತು ಬೋರ್ಡು, ಇಪ್ಪತ್ತು ಜನ. 1920ರಲ್ಲಿ ಫ್ರಾನ್ಸಿನಲ್ಲಿ ತೆಗೆದ ಒಂದು ಫೋಟೋ ಇದೆ, ಚದುರಂಗದ ಪುಸ್ತಕಗಳಲ್ಲಿ ಬಹಳ ಸಲ ಅಚ್ಚಾಗಿದೆ. ಮೇಜಿನ ಆಚೆ ಕಡೆ ಗಡ್ಡ ಮೀಸೆಯ ಹಿರಿಯರು ಸಾಲಾಗಿ ಕೂತು ತಲೆ ಬಗ್ಗಿಸಿ ಯೋಚನೆ ಮಾಡ್ತಿದ್ದಾರೆ. ಈಚೆ ಕಡೆ ಎಂಟು ವರ್ಷದ ಈ ಹುಡುಗ ನಿಂತಿದ್ದಾನೆ.

ಅದೇ 1920ರ ನವೆಂಬರಿನಲ್ಲಿ ಕುಟುಂಬ ಅಮೆರಿಕಕ್ಕೆ ಬಂತು. ಇಲ್ಲೂ ಅದೇ ಪ್ರದರ್ಶನ. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ 20 ಜನರ ವಿರುದ್ಧ ಒಟ್ಟಿಗೇ ಆಡಿ 19 ಗೆದ್ದು ಒಂದು ಡ್ರಾ ಮಾಡಿದ. ಪತ್ರಿಕೆಗಳು ಹೊಗಳಿದವು, ಟಿಕೆಟ್ ಮಾರಾಟ ಆಯ್ತು. ಮನೆ ನಡೀತಿದ್ದದ್ದು ಹುಡುಗನ ಆಟದ ಮೇಲೆ. ಆದರೆ ಹುಡುಗ ಶಾಲೆಗೇ ಹೋಗ್ತಿರಲಿಲ್ಲ. ಕೊನೆಗೆ ಮಗುವನ್ನು ಸರಿಯಾಗಿ ಪಾಲನೆ ಮಾಡ್ತಿಲ್ಲ ಅಂತ ಅಪ್ಪ ಅಮ್ಮನ ಮೇಲೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಕೇಸೇ ಆಯಿತು.

ಆಗ ಕೈ ಹಿಡಿದವರು ಶಿಕಾಗೋದ ಜೂಲಿಯಸ್ ರೋಸೆನ್‌ವಾಲ್ಡ್. ಸಿಯರ್ಸ್ ರೋಬಕ್ ಕಂಪನಿಯ ಪಾಲುದಾರರು. ನಮ್ಮಂಥ ಕೈಕೆಲಸದವರಿಗೆ ಸಿಯರ್ಸ್ ಅಂದ್ರೆ ಕ್ರಾಫ್ಟ್ಸ್‌ಮನ್ ಸ್ಪ್ಯಾನರು, ಸ್ಕ್ರೂಡ್ರೈವರು. ಮಕ್ಕಳನ್ನು ಕರ್ಕೊಂಡು ಶಿಕಾಗೋದ ವಿಜ್ಞಾನ ಮ್ಯೂಸಿಯಮ್ ನೋಡಿದವರಿಗೆ ಗೊತ್ತಿರಲಿ, ಅದನ್ನು ಶುರು ಮಾಡಿಸಿದವರೂ ಇದೇ ರೋಸೆನ್‌ವಾಲ್ಡ್. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಸಾವಿರಾರು ಶಾಲೆ ಕಟ್ಟಿಸಲು ದುಡ್ಡು ಕೊಟ್ಟವರು. ಅವರು ಹುಡುಗನ ಖರ್ಚು ವಹಿಸಿಕೊಂಡರು, ಒಂದೇ ಷರತ್ತಿನ ಮೇಲೆ: ಓದು ಮುಗಿಸಬೇಕು.

ಹುಡುಗ ಓದಿದ. 1924ರಿಂದ 1931ರ ತನಕ, ಹೆಚ್ಚುಕಡಿಮೆ ಏಳು ವರ್ಷ, ದೊಡ್ಡ ಪಂದ್ಯಗಳಿಂದ ದೂರ ಉಳಿದ. ಹನ್ನೆರಡರಿಂದ ಹತ್ತೊಂಬತ್ತರ ವಯಸ್ಸು ಅಂದ್ರೆ ಚದುರಂಗದಲ್ಲಿ ತಲೆ ಅತ್ಯಂತ ಚುರುಕಾಗಿ ಕಲಿಯುವ ವಯಸ್ಸು. 1934ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಅಕೌಂಟಿಂಗ್ ಪದವಿ ತಗೊಂಡು, ಮುಂದೆ ಜೀವನ ಪೂರ್ತಿ ಅಕೌಂಟೆಂಟ್ ಆಗಿ ದುಡಿದರು. ಮದುವೆ ಆಯ್ತು, ಮೂವರು ಮಕ್ಕಳಾದರು. ಚದುರಂಗವನ್ನೇ ಪೂರ್ತಿ ವೃತ್ತಿ ಮಾಡಿಕೊಳ್ಳಲೇ ಇಲ್ಲ.

ಹೀಗಿದ್ದೂ ಅವರು ಏನೇನು ಮಾಡಿದರು ಅನ್ನೋದನ್ನು ನೋಡಿ. 1935ರಲ್ಲಿ ಇಂಗ್ಲೆಂಡಿಗೆ ಹೋಗಿ ಮಾರ್ಗೇಟ್ ಪಂದ್ಯಾವಳಿ ಗೆದ್ದರು, ಅಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾರನ್ನೇ ಸೋಲಿಸಿದರು. 1936ರಲ್ಲಿ ಮೊದಲ ಸಲ ಅಮೆರಿಕದ ಚಾಂಪಿಯನ್ ಆದರು. ಒಟ್ಟು ಎಂಟು ಸಲ ಆ ಪಟ್ಟ ಅವರದಾಯಿತು, ಫಿಶರ್ ಕೂಡ ಗೆದ್ದಿದ್ದು ಎಂಟೇ. 1937ರ ಸ್ಟಾಕ್‌ಹೋಮ್ ಒಲಿಂಪಿಯಾಡಿನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಮೊದಲ ಬೋರ್ಡ್ ಇವರದೇ. 1950ರಲ್ಲಿ ವಿಶ್ವ ಸಂಸ್ಥೆ ಮೊಟ್ಟಮೊದಲು 27 ಜನರಿಗೆ ಗ್ರಾಂಡ್‌ಮಾಸ್ಟರ್ ಬಿರುದು ಕೊಟ್ಟಾಗ ಆ ಪಟ್ಟಿಯಲ್ಲಿ ಇವರ ಹೆಸರೂ ಇತ್ತು.

ವಿಶ್ವ ಪಟ್ಟಕ್ಕೆ ಎರಡು ಸಲ ತೀರಾ ಹತ್ತಿರ ಬಂದರು. 1948ರಲ್ಲಿ ಹೇಗ್ ಮತ್ತು ಮಾಸ್ಕೋದಲ್ಲಿ ಐದು ಜನರ ನಡುವೆ ನಡೆದ ಪಂದ್ಯದಲ್ಲಿ ಬೊಟ್ವಿನಿಕ್ 14 ಅಂಕ ಪಡೆದು ಚಾಂಪಿಯನ್ ಆದರು, ಸ್ಮಿಸ್ಲೋವ್ 11, ರೆಶೆವ್‌ಸ್ಕಿ ಮತ್ತು ಕೆರೆಸ್ ಹತ್ತೂವರೆ. 1953ರಲ್ಲಿ ಜೂರಿಕ್‌ನ ಕ್ಯಾಂಡಿಡೇಟ್ಸ್‌ನಲ್ಲಿ ಸ್ಮಿಸ್ಲೋವ್ 18, ಇವರು, ಬ್ರಾನ್‌ಸ್ಟೀನ್, ಕೆರೆಸ್ ಮೂವರೂ 16. ಅಲ್ಲಿ ಸೋವಿಯತ್ ಆಟಗಾರರೇ ಒಂಬತ್ತು ಜನ. ಅವರವರಲ್ಲೇ ಹೊಂದಾಣಿಕೆ ಮಾಡಿಕೊಂಡು ರೆಶೆವ್‌ಸ್ಕಿಯನ್ನು ತಡೆದರು ಅನ್ನೋ ಮಾತು ಇವತ್ತಿಗೂ ಇದೆ. ಬ್ರಾನ್‌ಸ್ಟೀನ್ ತಾವೇ ಮುಂದೆ ಆ ಬಗ್ಗೆ ಬಾಯಿ ಬಿಟ್ಟರು.

ಇಲ್ಲೊಂದು ವಿಷಯ, ಎಲೆಕ್ಟ್ರಿಷಿಯನ್ ಆದ ನನಗೆ ಬಹಳ ಹಿಡಿಸಿದ್ದು. ಬೊಟ್ವಿನಿಕ್ ಕೂಡ ಕೆಲಸದವರೇ, ವಿದ್ಯುತ್ ಎಂಜಿನಿಯರು, ಅದರಲ್ಲೇ ಡಾಕ್ಟರೇಟ್ ಮಾಡಿದವರು. ಆದರೆ ಅವರ ಬೆನ್ನ ಹಿಂದೆ ಸರ್ಕಾರ ಇತ್ತು. ತಯಾರಿಗೆ ಸಮಯ, ಜೊತೆಗೆ ಅಭ್ಯಾಸ ಮಾಡೋಕೆ ಆಟಗಾರರು, ಎಲ್ಲ ಸಿಗ್ತಿತ್ತು. ರೆಶೆವ್‌ಸ್ಕಿಗೆ ಆ ಅನುಕೂಲ ಇರಲಿಲ್ಲ. ಹಾಗಿದ್ದೂ 1955ರಲ್ಲಿ ಮಾಸ್ಕೋದಲ್ಲಿ ಅಮೆರಿಕ ತಂಡ ಸೋವಿಯತ್ ಎದುರು ಆಡಿದಾಗ, ವಿಶ್ವ ಚಾಂಪಿಯನ್ ಆಗಿದ್ದ ಬೊಟ್ವಿನಿಕ್‌ರನ್ನು ಅವರದೇ ಊರಲ್ಲಿ ನಾಲ್ಕು ಆಟಗಳಲ್ಲಿ ಎರಡೂವರೆ–ಒಂದೂವರೆಯಿಂದ ಸೋಲಿಸಿ ಬಂದರು. ಲಾಸ್ಕರ್‌ರಿಂದ ಕಾರ್ಪೋವ್ ತನಕ ಮೊದಲ ಹನ್ನೆರಡು ವಿಶ್ವ ಚಾಂಪಿಯನ್‌ಗಳಲ್ಲಿ ಹನ್ನೊಂದು ಜನರ ಎದುರು ಆಡಿದವರು ಇವರು. ಅದರಲ್ಲಿ ಏಳು ಜನರನ್ನು ಸೋಲಿಸಿದ್ದಾರೆ.

ಇನ್ನು ಅವರ ಆಟದ ರೀತಿ. ಅಬ್ಬರದ ದಾಳಿಯ ಆಟ ಅಲ್ಲ. ಬಿಳಿ ಕಾಯಿ ಸಿಕ್ಕರೆ ಹೆಚ್ಚಾಗಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಶುರು ಮಾಡ್ತಿದ್ದರು. ಆಮೇಲೆ ಒಂದೊಂದೇ ಕಾಯಿಯನ್ನು ಒಳ್ಳೆ ಮನೆಗೆ ತರೋದು, ಎದುರಾಳಿಯ ಒಂದು ಸಣ್ಣ ಬಲಹೀನ ಜಾಗ ಹುಡುಕಿ ಅಲ್ಲೇ ಒತ್ತಡ ಹಾಕೋದು. ಸೋಲೋ ಸ್ಥಿತಿಯಲ್ಲಿದ್ದರೂ ಬಿಟ್ಟುಕೊಡ್ತಿರಲಿಲ್ಲ, ಹಲ್ಲು ಕಚ್ಚಿ ಹಿಡಿದುಕೊಳ್ಳೋರು.

ಅವರ ದೊಡ್ಡ ಕೊರತೆ ಆರಂಭದ ನಡೆಗಳ ಓದು. ಬೇರೆಯವರು ಮನೆಯಲ್ಲಿ ಪುಸ್ತಕ ನೋಡಿ ಬಾಯಿಪಾಠ ಮಾಡಿ ಬರೋದನ್ನು ಇವರು ಬೋರ್ಡಿನ ಮುಂದೆ ಕೂತು ತಾವೇ ಕಂಡುಹಿಡಿಯಬೇಕಿತ್ತು. ಆಗ ಸಾಮಾನ್ಯವಾಗಿ ಎರಡೂವರೆ ಗಂಟೆಯಲ್ಲಿ 40 ನಡೆ ಮುಗಿಸಬೇಕು. ಇವರು ಮೊದಲ ಕೆಲವು ನಡೆಗೇ ಸಮಯವೆಲ್ಲ ಖರ್ಚು ಮಾಡಿ, ಕೊನೆಯ ಹತ್ತಾರು ನಡೆಯನ್ನು ಕೆಲವೇ ನಿಮಿಷದಲ್ಲಿ ಆಡಬೇಕಾಗ್ತಿತ್ತು. ವಿಚಿತ್ರ ಅಂದ್ರೆ ಆ ಗಡಿಬಿಡಿಯಲ್ಲಿ ತಪ್ಪು ಮಾಡ್ತಿದ್ದದ್ದು ಹೆಚ್ಚಾಗಿ ಎದುರಿನವರೇ.

ಇದಕ್ಕೆ ಬೆಲೆಯನ್ನೂ ತೆತ್ತರು. 1958–59ರ ಅಮೆರಿಕ ಚಾಂಪಿಯನ್‌ಶಿಪ್ಪಿನಲ್ಲಿ 15 ವರ್ಷದ ಫಿಶರ್ ಎದುರು ಹನ್ನೆರಡನೇ ನಡೆಗೇ ಮಂತ್ರಿಯನ್ನು ಕಳೆದುಕೊಂಡರು. ಆ ಬಲೆ ಒಂದು ಸೋವಿಯತ್ ಪತ್ರಿಕೆಯಲ್ಲಿ ಆಗಲೇ ಅಚ್ಚಾಗಿತ್ತು. ಹುಡುಗ ಓದಿದ್ದ, ಇವರು ಓದಿರಲಿಲ್ಲ. 1963–64ರಲ್ಲಿ ಲ್ಯಾರಿ ಇವಾನ್ಸ್ ಎದುರು ಇವರ ಹತ್ತಿರ ಒಂದು ಕುದುರೆ ಹೆಚ್ಚಿತ್ತು, ಗೆದ್ದೇ ಬಿಟ್ಟರು ಅನ್ನೋ ಸ್ಥಿತಿ. ಆಸೆಗೆ ಬಿದ್ದು ಮಂತ್ರಿಯಿಂದ ಒಂದು ಕಾಲಾಳು ಹೊಡೆದರು. ಇವಾನ್ಸ್ ತಮ್ಮ ಮಂತ್ರಿಯನ್ನೇ ಬಲಿ ಕೊಟ್ಟು, ಆಮೇಲೆ ಆನೆಯನ್ನು ರಾಜನ ಪಕ್ಕಕ್ಕೆ ತಂದು ನಿಲ್ಲಿಸಿದರು. ಆ ಆನೆಯನ್ನು ಹೊಡೆದರೆ ಇವಾನ್ಸ್‌ಗೆ ನಡೆಯೇ ಇಲ್ಲ, ಸ್ಟೇಲ್‌ಮೇಟ್. ಹೊಡೆಯದಿದ್ದರೆ ಆನೆ ಚೆಕ್ ಕೊಡ್ತಾನೇ ಇರುತ್ತೆ. ಆಟ ಡ್ರಾ. ಇದನ್ನು ಬೋರ್ಡ್ ಮೇಲೆ ಜೋಡಿಸಿ ನೋಡಿ, ಮಕ್ಕಳಿಗೂ ತೋರಿಸಿ, ಬಹಳ ಮಜಾ ಇದೆ.

ಎಲ್ಲದರಲ್ಲೂ ಅವರನ್ನು ದೇವರು ಮಾಡಬೇಕಾಗಿಲ್ಲ. 1942ರ ಚಾಂಪಿಯನ್‌ಶಿಪ್ಪಿನಲ್ಲಿ ಡೆಂಕರ್ ಎದುರು ಸಮಯ ಮುಗಿದದ್ದು ಇವರದು. ಆದರೆ ತೀರ್ಪುಗಾರ ಗಡಿಯಾರವನ್ನು ತಿರುಗಿಸಿ ಹಿಡಿದು, ಎಡ ಬಲ ಅದಲುಬದಲಾಗಿ, ಸೋತದ್ದು ಡೆಂಕರ್ ಅಂತ ಘೋಷಿಸಿಬಿಟ್ಟರು. ತೀರ್ಪು ಬದಲಾಗಲಿಲ್ಲ, ಆ ಅಂಕ ರೆಶೆವ್‌ಸ್ಕಿ ಹತ್ತಿರವೇ ಉಳಿಯಿತು, ಆ ವರ್ಷದ ಪಟ್ಟವೂ ಕೊನೆಗೆ ಅವರಿಗೇ ಬಂತು.

ಧರ್ಮದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಶುಕ್ರವಾರ ಸೂರ್ಯ ಮುಳುಗಿದ ಮೇಲಿಂದ ಶನಿವಾರ ಸೂರ್ಯ ಮುಳುಗೋ ತನಕ ಆಡ್ತಿರಲಿಲ್ಲ, ಎಷ್ಟು ದೊಡ್ಡ ಪಂದ್ಯವಾದ್ರೂ. ಆಯೋಜಕರೇ ವೇಳಾಪಟ್ಟಿ ಹೊಂದಿಸಿಕೊಳ್ಳಬೇಕಿತ್ತು. 1961ರಲ್ಲಿ ಫಿಶರ್ ಜೊತೆಗಿನ ಪಂದ್ಯ ಐದೂವರೆ–ಐದೂವರೆ ಸಮವಾಗಿದ್ದಾಗ, ಶನಿವಾರ ಆಡೋ ಹಾಗಿಲ್ಲದೆ ಭಾನುವಾರಕ್ಕೆ ಹೋದ ಆಟವನ್ನು ಬೆಳಿಗ್ಗೆಗೆ ಬದಲಾಯಿಸಿದ ಗಲಾಟೆಯಲ್ಲಿ ಫಿಶರ್ ಬರಲಿಲ್ಲ, ಪಂದ್ಯ ಅಲ್ಲಿಗೇ ನಿಂತಿತು. ಗೆಲುವು ಇವರಿಗೆ ಅಂತಾಯ್ತು. ಆಗ ಫಿಶರ್‌ಗೆ 18, ಇವರಿಗೆ 49.

ನಮ್ಮ ಕೂಟದಲ್ಲಿ ಮಕ್ಕಳ ವಿಷಯ ಬಂದಾಗಲೆಲ್ಲ ಒಂದು ವಾದ ನಡೆಯುತ್ತೆ. ಮಗುವಿಗೆ ಒಂದು ಆಟದಲ್ಲಿ ಕೈ ಇದೆ ಅಂದ್ರೆ ಶಾಲೆ ಬಿಡಿಸಿ ಅದರಲ್ಲೇ ಹಾಕಬೇಕಾ, ಇಲ್ಲಾ ಓದು ಮುಖ್ಯವಾ ಅಂತ. ನಾನೂ ಊರಲ್ಲಿ ಚದುರಂಗ ಆಡ್ತಿದ್ದವನು, ತಾಲ್ಲೂಕು ಮಟ್ಟದ ತನಕ ಹೋಗಿದ್ದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪ ಐಟಿಐಗೆ ಸೇರಿಸಿದರು. ಆಗ ಬೇಜಾರಾಗಿತ್ತು. ಆದರೆ ಆ ಸರ್ಟಿಫಿಕೇಟೇ ನನ್ನನ್ನು ಇಲ್ಲಿ ತನಕ ಕರ್ಕೊಂಡು ಬಂದಿದ್ದು, ಊರಿನ ಮನೆಗೆ ದುಡ್ಡು ಹೋಗ್ತಿರೋದೂ ಅದರಿಂದಲೇ.

ರೋಸೆನ್‌ವಾಲ್ಡ್ ಷರತ್ತು ಹಾಕದೇ ಇದ್ದಿದ್ರೆ ರೆಶೆವ್‌ಸ್ಕಿ ವಿಶ್ವ ಚಾಂಪಿಯನ್ ಆಗ್ತಿದ್ದರು ಅಂತ ಕೆಲವರು ಹೇಳಬಹುದು, ಆ ಏಳು ವರ್ಷ ಸಣ್ಣ ನಷ್ಟ ಅಲ್ಲ. ಆದರೆ ಎಂಟು ವರ್ಷದ ಮಗುವಿನ ಹೆಗಲ ಮೇಲೆ ಮನೆ ಸಂಸಾರ ಹೊರಿಸಿದ್ದನ್ನು ಇಳಿಸಿದ್ದೂ ಅದೇ ಷರತ್ತು. ಆಮೇಲೆ ಅವರು ಆಡಿದ್ದು ತಮಗೆ ಬೇಕು ಅಂತ ಆಡಿದ್ದು. ನನ್ನ ಮಟ್ಟಿಗೆ ರೋಸೆನ್‌ವಾಲ್ಡ್ ಮಾಡಿದ್ದು ಸರಿ. ನಮ್ಮ ಕಡೆಯೂ ನೋಡಿ, 2017ರಲ್ಲಿ ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್ ಆದ ಮೈಸೂರಿನ ತೇಜ್‌ಕುಮಾರ್ ಅವರೂ ರೈಲ್ವೆಯಲ್ಲಿ ನೌಕರಿ ಮಾಡಿಕೊಂಡೇ ಆಡಿದವರು.

1984ರಲ್ಲಿ, 72ನೇ ವಯಸ್ಸಿನಲ್ಲಿ, ರೆಶೆವ್‌ಸ್ಕಿ ಐಸ್‌ಲ್ಯಾಂಡಿನ ರೇಕ್ಯಾವಿಕ್ ಓಪನ್‌ನಲ್ಲಿ ಜಂಟಿಯಾಗಿ ಮೊದಲ ಸ್ಥಾನ ಪಡೆದರು. ಮೊಮ್ಮಕ್ಕಳ ವಯಸ್ಸಿನವರ ಜೊತೆ ಕೂತು ಆಡಿ ಗೆದ್ದದ್ದು. 1992ರ ಏಪ್ರಿಲ್ 4ರಂದು ನ್ಯೂಯಾರ್ಕ್ ರಾಜ್ಯದಲ್ಲಿ ತೀರಿಕೊಂಡರು. ನಮಗೆಲ್ಲ ಇನ್ನೂ ಮೂವತ್ತು, ನಲವತ್ತು. ಶಿಫ್ಟು, ಓವರ್‌ಟೈಮು ಎಲ್ಲ ಇದ್ದದ್ದೇ. ಭಾನುವಾರ ಯಾರ ಮನೇಲಾದ್ರೂ ಬೋರ್ಡ್ ಹಾಕಿದ್ರೆ ನನಗೂ ಒಂದು ಫೋನ್ ಮಾಡಿ, ಗಡಿಯಾರ ನಾನು ತರ್ತೀನಿ.