ಸಿಸ್ಟರ್ ಎಲಿಜಬೆತ್ ಕೆನಿ

ರೋಗ ಗುಣವಾಗುವುದು ಒಂದು. ರೋಗದಿಂದ ಎದ್ದವನು ತನ್ನ ಕಾಲಮೇಲೆ ತಾನು ನಿಂತು, ತನ್ನ ಕೈಯಿಂದ ತಾನು ಉಣ್ಣುವಂತಾಗುವುದು ಇನ್ನೊಂದು. ಮೊದಲನೆಯದಕ್ಕೆ ಔಷಧಗಳೂ ಶಸ್ತ್ರಚಿಕಿತ್ಸೆಯೂ ಇವೆ. ಎರಡನೆಯದಕ್ಕೆ ಬೇಕಾದ ವಿದ್ಯೆಯೇ ಭೌತಚಿಕಿತ್ಸೆ. ಜನರ ಬಾಯಲ್ಲಿ ಇದು ಫಿಸಿಯೋಥೆರಪಿ ಎಂದೇ ಬಳಕೆಯಲ್ಲಿದೆ. ಬೆಂಗಳೂರಿನ ಸಹಕಾರನಗರ, ಯಲಹಂಕ, ಹೆಬ್ಬಾಳಗಳಂಥ ಬಡಾವಣೆಗಳಲ್ಲಿ ಈ ಹೆಸರಿನ ಫಲಕಗಳನ್ನು ನೀವು ನೋಡಿರಬಹುದು. ಪಾರ್ಶ್ವವಾಯುವಿಗೆ ತುತ್ತಾದ ವೃದ್ಧರು, ಮುರಿದ ಮೂಳೆ ಕೂಡಿಕೊಂಡರೂ ಮೊಣಕೈ ಮಡಿಸಲಾರದ ತರುಣರು, ಹುಟ್ಟಿನಿಂದಲೇ ಅಂಗಗಳು ಬಿಗಿದುಕೊಂಡ ಮಕ್ಕಳು ಇಂಥ ಚಿಕಿತ್ಸಾಲಯಗಳಿಗೆ ಬರುತ್ತಾರೆ. ಅಲ್ಲಿ ಅವರಿಗೆ ದೊರೆಯುವುದು ಮುಖ್ಯವಾಗಿ ಶಾಖ, ಚಲನೆ, ಅಭ್ಯಾಸ ಮತ್ತು ಧೈರ್ಯ.

ಈ ವಿದ್ಯೆಯ ಬೇರುಗಳು ಹಳೆಯವು. ನಮ್ಮ ಗರಡಿಮನೆಗಳ ಉಸ್ತಾದರು ಉಳುಕಿದ ಅಂಗವನ್ನು ನೀವಿ ಸರಿಪಡಿಸುತ್ತಿದ್ದರು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಬಿಸಿನೀರೆರೆಯುವ ಅಜ್ಜಿಯರು ಊರೂರಿನಲ್ಲಿಯೂ ಇದ್ದರು. ಯೂರೋಪಿನಲ್ಲಿ ಸ್ವೀಡನ್ನಿನ ಪೇರ್ ಹೆನ್ರಿಕ್ ಲಿಂಗ್ ಎಂಬಾತನು 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಅಂಗಸಾಧನೆಯ ಶಾಲೆಯೊಂದನ್ನು ತೆರೆದನು. ಇಂಗ್ಲೆಂಡಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಸೇರಿ ಅಂಗಮರ್ದನದಲ್ಲಿ ತರಬೇತಿ ಪಡೆದವರ ಸಂಘವನ್ನು ಕಟ್ಟಿದರು. ಹೀಗೆ ಬೆಳೆಯುತ್ತಿದ್ದ ಈ ವಿದ್ಯೆಗೆ ಹೊಸ ತಿರುವನ್ನು ಕೊಟ್ಟವರಲ್ಲಿ ಆಸ್ಟ್ರೇಲಿಯಾದ ಒಬ್ಬ ಹಳ್ಳಿಯ ದಾದಿಯ ಹೆಸರು ಮರೆಯಲಾಗದಂಥದು. ಆಕೆಯೇ ಎಲಿಜಬೆತ್ ಕೆನಿ.

ಎಲಿಜಬೆತ್ ಕೆನಿ 1880ನೆಯ ಇಸವಿ ಸೆಪ್ಟೆಂಬರ್ 20ರಂದು ನ್ಯೂ ಸೌತ್ ವೇಲ್ಸ್ ಪ್ರಾಂತದ ವಾರಿಯಾಲ್ಡಾ ಎಂಬಲ್ಲಿ ಹುಟ್ಟಿದಳು. ತಂದೆ ಮೈಕೇಲ್ ಕೆನಿ ಐರ್ಲೆಂಡಿನಿಂದ ಬಂದು ನೆಲೆಸಿದ ರೈತ. ಸಂಸಾರವು ಊರಿಂದೂರಿಗೆ ಅಲೆದು, ಕಡೆಗೆ ಕ್ವೀನ್ಸ್‌ಲೆಂಡ್ ಪ್ರಾಂತದ ನಾಬಿ ಎಂಬ ಸಣ್ಣ ಊರಿನಲ್ಲಿ ನಿಂತಿತು. ಹುಡುಗಿಗೆ ದೊರೆತ ಶಾಲಾಶಿಕ್ಷಣ ಅಲ್ಪ. ಹೊಲಗದ್ದೆ, ಕುದುರೆ, ಬಯಲು ಇವೇ ಆಕೆಯ ಪಾಠಶಾಲೆಗಳಾದವು.

ಹದಿಹರೆಯದಲ್ಲಿ ಒಮ್ಮೆ ಆಕೆ ಕುದುರೆಯ ಮೇಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಟೂವೂಂಬಾ ಪಟ್ಟಣದ ವೈದ್ಯ ಈನಿಯಸ್ ಮ್ಯಾಕ್‌ಡೊನೆಲ್ ಆಕೆಗೆ ಚಿಕಿತ್ಸೆ ಮಾಡಿದನು. ಕೈ ಗುಣವಾಗುವವರೆಗೆ ಸುಮ್ಮನೆ ಕೂರುವುದು ಆಕೆಯ ಸ್ವಭಾವವಾಗಿರಲಿಲ್ಲ. ವೈದ್ಯನ ಬಳಿಯಿದ್ದ ಶರೀರರಚನಾಶಾಸ್ತ್ರದ ಪುಸ್ತಕಗಳನ್ನು ಓದಿದಳು. ಅಸ್ಥಿಪಂಜರದ ಮಾದರಿಯನ್ನು ನೋಡಿ, ಯಾವ ಸ್ನಾಯು ಯಾವ ಮೂಳೆಯಿಂದ ಹೊರಟು ಯಾವ ಮೂಳೆಗೆ ಸೇರುತ್ತದೆ ಎಂಬುದನ್ನು ಮನಸ್ಸಿಗೆ ತಂದುಕೊಂಡಳು. ಹೀಗೆ ಕುತೂಹಲದಿಂದ ಕಲಿತದ್ದು ಮುಂದೆ ಆಕೆಯ ಬಾಳಿನ ಬಂಡವಾಳವಾಯಿತು. ಮ್ಯಾಕ್‌ಡೊನೆಲ್ ಕಡೆಯವರೆಗೂ ಆಕೆಗೆ ಗುರುವಾಗಿ, ಹಿತೈಷಿಯಾಗಿ ಉಳಿದನು.

ಕೆನಿ ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ಕ್ರಮವಾದ ದಾದಿಯ ಶಿಕ್ಷಣವನ್ನು ಪಡೆದವಳಲ್ಲ. ಸಣ್ಣದೊಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಕಲಿತದ್ದಷ್ಟೇ ಆಕೆಯ ಅನುಭವ. 1910ರ ಸುಮಾರಿಗೆ ನಾಬಿಯಲ್ಲಿ ತಾನಾಗಿಯೇ ದಾದಿಯ ಕೆಲಸಕ್ಕೆ ತೊಡಗಿದಳು. ಕುದುರೆಯೇರಿ ದೂರದ ಒಂಟಿಮನೆಗಳಿಗೆ ಹೋಗಿ ಬಸುರಿಯರನ್ನೂ ರೋಗಿಗಳನ್ನೂ ನೋಡಿಕೊಂಡು ಬರುತ್ತಿದ್ದಳು. ವೈದ್ಯರು ಹತ್ತಿರದಲ್ಲಿಲ್ಲದ ಆ ನಾಡಿನಲ್ಲಿ ಆಕೆಯ ಕುದುರೆಯ ಗೊರಸಿನ ಸದ್ದೇ ಜನರಿಗೆ ಧೈರ್ಯ ತರುತ್ತಿತ್ತು.

ಆಕೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿರುವಂತೆ, 1911ರಲ್ಲಿ ಅಂಥ ಒಂದು ಮನೆಯಲ್ಲಿ ಎರಡು ವರ್ಷದ ಹೆಣ್ಣುಮಗುವೊಂದು ನೋವಿನಿಂದ ನರಳುತ್ತಿತ್ತು. ಅದರ ಕೈಕಾಲುಗಳು ಬಿಗಿದು ಸೊಟ್ಟಗಾಗಿದ್ದವು. ಕೆನಿಗೆ ಆ ರೋಗದ ಪರಿಚಯವಿರಲಿಲ್ಲ. ಮ್ಯಾಕ್‌ಡೊನೆಲ್‌ಗೆ ತಂತಿ ಕಳುಹಿಸಿದಳು. ಇದು ಮಕ್ಕಳಿಗೆ ಬರುವ ಪಾರ್ಶ್ವವಾಯು, ಇದಕ್ಕೆ ಗೊತ್ತಾದ ಮದ್ದಿಲ್ಲ, ಕಂಡ ಲಕ್ಷಣಗಳಿಗೆ ತಕ್ಕಂತೆ ಕೈಲಾದುದನ್ನು ಮಾಡಬೇಕು ಎಂಬುದು ಆತನ ಉತ್ತರದ ಸಾರ. ನಾವು ಇಂದು ಪೋಲಿಯೋ ಎಂದು ಕರೆಯುವ ರೋಗವದು. ಕೆನಿಗೆ ಕಂಡ ಲಕ್ಷಣ ಬಿಗಿತ ಮತ್ತು ನೋವು. ಬಿಗಿದುದನ್ನು ಸಡಿಲಿಸಲು ಕಾವು ಕೊಡಬೇಕೆಂದು ಆಕೆಗೆ ತೋಚಿತು. ಉಪ್ಪನ್ನು ಹುರಿದು ಚೀಲದಲ್ಲಿ ಕಟ್ಟಿ ಶಾಖ ಕೊಟ್ಟಳು. ಅದರಿಂದ ಫಲ ಕಾಣಲಿಲ್ಲ. ಕಡೆಗೆ ಉಣ್ಣೆಯ ಕಂಬಳಿಯನ್ನು ಪಟ್ಟಿಪಟ್ಟಿಯಾಗಿ ಹರಿದು, ಕುದಿಯುವ ನೀರಿನಲ್ಲಿ ಅದ್ದಿ, ನೀರು ಸ್ವಲ್ಪವೂ ಉಳಿಯದಂತೆ ಹಿಂಡಿ, ನೋಯುವ ಅಂಗಗಳಿಗೆ ಸುತ್ತಿದಳು. ನೋವು ಇಳಿದು ಮಗು ನಿದ್ರೆಹೋಯಿತು. ಬಿಗಿತ ಕಳೆದ ಮೇಲೆ ಅಂಗಗಳನ್ನು ಮೆಲ್ಲಮೆಲ್ಲಗೆ ಆಡಿಸುತ್ತ ಬಂದಳು.

ಮೊದಲನೆಯ ಮಹಾಯುದ್ಧ ಬಂದಾಗ ಕೆನಿ 1915ರಲ್ಲಿ ಸೇನೆಯ ದಾದಿಯಾಗಿ ಸೇರಿದಳು. ಗಾಯಗೊಂಡ ಸೈನಿಕರನ್ನು ತಾಯ್ನಾಡಿಗೆ ಕರೆತರುವ ಹಡಗುಗಳಲ್ಲಿ ಆಕೆಯ ಕೆಲಸ. 1917ರಲ್ಲಿ ಸಿಸ್ಟರ್ ಎಂಬ ಪದವಿ ದೊರೆಯಿತು. ಅದು ಸೇನೆಯಲ್ಲಿ ದಾದಿಯರಿಗೆ ಸಲ್ಲುವ ಹುದ್ದೆಯ ಹೆಸರು, ಸಂನ್ಯಾಸಿನಿಯ ಹೆಸರಲ್ಲ. ಜೀವಮಾನವೆಲ್ಲ ಆಕೆ ಅದೇ ಹೆಸರಿನಿಂದ ಪರಿಚಿತಳಾದಳು. ಯುದ್ಧಾನಂತರ ನೇಗಿಲಿಗೆ ಸಿಕ್ಕಿ ಗಾಯಗೊಂಡ ಹುಡುಗಿಯೊಬ್ಬಳನ್ನು ಒರಟು ದಾರಿಯಲ್ಲಿ ಸಾಗಿಸಬೇಕಾಗಿ ಬಂತು. ಆ ಅನುಭವದಿಂದ, ಗಾಯಾಳುವಿಗೆ ಕುಲುಕಾಟದ ಆಘಾತವಾಗದಂಥ ಡೋಲಿಯೊಂದನ್ನು ರಚಿಸಿ, ಆ ಹುಡುಗಿಯ ಹೆಸರನ್ನೇ ಅದಕ್ಕಿಟ್ಟು, 1927ರಲ್ಲಿ ಅದರ ಹಕ್ಕುಪತ್ರವನ್ನು ಪಡೆದಳು.

ಪೋಲಿಯೋ ರೋಗಕ್ಕೆ ಆ ಕಾಲದಲ್ಲಿ ಒಪ್ಪಿತವಾಗಿದ್ದ ಚಿಕಿತ್ಸೆಯೇ ಬೇರೆ. ಬಲಗುಂದಿದ ಸ್ನಾಯುವನ್ನು ಎದುರುಬದಿಯ ಬಲವಾದ ಸ್ನಾಯು ಸೆಳೆದು ಅಂಗವನ್ನು ಸೊಟ್ಟಗೆ ಮಾಡುತ್ತದೆ ಎಂಬುದು ವೈದ್ಯರ ನಂಬಿಕೆ. ಆದ್ದರಿಂದ ಮಗುವಿನ ಕೈಕಾಲುಗಳಿಗೆ ದಬ್ಬೆ ಕಟ್ಟಿ, ಪ್ಲಾಸ್ಟರ್ ಹಾಕಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದರೆ ದೇಹದ ಧರ್ಮ ಬೇರೆಯಾಗಿದೆ. ಬಹುಕಾಲ ಬಳಸದ ಬಾವಿಯ ರಾಟೆ ತುಕ್ಕು ಹಿಡಿಯುವಂತೆ, ಆಡಿಸದ ಕೀಲು ಗಡುಸಾಗುತ್ತದೆ. ದುಡಿಯದ ಸ್ನಾಯು ಸೊರಗುತ್ತದೆ. ದಬ್ಬೆ ಬಿಚ್ಚುವ ಹೊತ್ತಿಗೆ ರೋಗ ಉಳಿಸಿದ್ದ ಶಕ್ತಿಯೂ ಎಷ್ಟೋ ಮಕ್ಕಳಲ್ಲಿ ಉಡುಗಿಹೋಗಿರುತ್ತಿತ್ತು.

ಕೆನಿ 1932ರಲ್ಲಿ ಕ್ವೀನ್ಸ್‌ಲೆಂಡಿನ ಟೌನ್ಸ್‌ವಿಲ್ ನಗರದಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದಳು. ಆಕೆಯ ವಿಧಾನದಲ್ಲಿ ಮೂರು ಹಂತಗಳನ್ನು ಕಾಣಬಹುದು. ಮೊದಲನೆಯದು ಶಾಖ. ಬಿಸಿ ಕಂಬಳಿಪಟ್ಟಿಯನ್ನು ಎರಡು ಬಾರಿ ಹಿಂಡಬೇಕು. ನೀರು ಉಳಿದರೆ ಚರ್ಮ ಬೇಯುತ್ತದೆ. ಕೀಲುಗಳನ್ನು ಬಿಟ್ಟು ಸ್ನಾಯುವಿನ ಮೇಲಷ್ಟೇ ಅದನ್ನು ಹೊದಿಸಿ, ಆರದಂತೆ ಮೇಲೊಂದು ಒಣಬಟ್ಟೆಯನ್ನು ಸುತ್ತಬೇಕು. ಎರಡನೆಯದು ಪರಚಾಲಿತ ಚಲನೆ. ಎಂದರೆ ರೋಗಿಯು ತನ್ನ ಬಲವನ್ನು ಹಾಕದೆ ಇರುವಾಗ ಚಿಕಿತ್ಸಕರೇ ಅವನ ಅಂಗವನ್ನು ಹಿಡಿದು, ಕೀಲು ಎಷ್ಟು ಬಾಗಬಲ್ಲದೋ ಅಷ್ಟರ ಮಟ್ಟಿಗೆ ನಯವಾಗಿ ಆಡಿಸುವುದು. ಮೂರನೆಯದು ಸ್ನಾಯುವಿಗೆ ಮರುಶಿಕ್ಷಣ. ಮಗುವಿಗೆ ಅದರ ಸ್ನಾಯು ಎಲ್ಲಿದೆ, ಎಲ್ಲಿ ಮೂಳೆಗೆ ಅಂಟಿಕೊಂಡಿದೆ ಎಂಬುದನ್ನು ಬೆರಳಿಟ್ಟು ತೋರಿಸಿ, ಮನಸ್ಸನ್ನು ಅಲ್ಲಿಯೇ ನಿಲ್ಲಿಸಿ, ಆ ಸ್ನಾಯುವೊಂದನ್ನೇ ಸೆಳೆಯುವಂತೆ ಹೇಳುವುದು. ಚಲನೆ ಕಾಣಲಿ ಕಾಣದಿರಲಿ, ಪ್ರಯತ್ನ ನಿಲ್ಲಬಾರದು. ಹೀಗೆ ಆಕೆಯ ಕೈಯಲ್ಲಿ ರೋಗಿ ಕೇವಲ ಮಲಗಿರುವವನಾಗದೆ ತನ್ನ ಚಿಕಿತ್ಸೆಯಲ್ಲಿ ತಾನೇ ಪಾಲುದಾರನಾದನು.

ಇಂದಿಗೂ ಭೌತಚಿಕಿತ್ಸೆಯ ನಡೆ ಬಹುಮಟ್ಟಿಗೆ ಹೀಗೆಯೇ ಇದೆ. ಅಂಗವನ್ನು ಮೊದಲು ಚಿಕಿತ್ಸಕರು ಆಡಿಸುತ್ತಾರೆ. ಮುಂದೆ ರೋಗಿಯು ಅವರ ಆಸರೆಯೊಡನೆ ಆಡಿಸುತ್ತಾನೆ. ಅನಂತರ ತಾನೇ ಆಡಿಸುತ್ತಾನೆ. ಕಡೆಗೆ ಭಾರಕ್ಕೋ ಒತ್ತಡಕ್ಕೋ ಎದುರಾಗಿ ಆಡಿಸಿ ಬಲ ಗಳಿಸುತ್ತಾನೆ. ದೇಹದ ಭಾರ ಹಗುರವೆನಿಸುವ ನೀರಿನಲ್ಲಿ ವ್ಯಾಯಾಮ, ಮಂದವಾದ ವಿದ್ಯುತ್ತಿನಿಂದ ಸ್ನಾಯುವನ್ನು ಎಚ್ಚರಿಸುವುದು, ಜೋಡಿಕಂಬಿಗಳ ನಡುವೆ ನಡೆಯುವ ಅಭ್ಯಾಸ, ಉಸಿರಾಟದ ವ್ಯಾಯಾಮ ಇವೆಲ್ಲವೂ ಅದಕ್ಕೆ ಸೇರಿದ ಉಪಾಯಗಳು.

ಕೆನಿಯ ಚಿಕಿತ್ಸಾಲಯಕ್ಕೆ ತಾಯಿತಂದೆಗಳು ಮಕ್ಕಳನ್ನು ಹೊತ್ತು ತಂದರು. ಆದರೆ ವೈದ್ಯಸಮುದಾಯ ಒಪ್ಪಲಿಲ್ಲ. ಕ್ರಮವಾದ ಶಿಕ್ಷಣವಿಲ್ಲದ ಹೆಂಗಸೊಬ್ಬಳು ತಜ್ಞರ ಮತವನ್ನು ಅಲ್ಲಗಳೆಯುವುದೆಂದರೇನು? 1934ರಲ್ಲಿ ಬ್ರಿಸ್ಬೇನ್ ನಗರದಲ್ಲಿ ವೈದ್ಯರ ಎದುರು ಆಕೆ ತನ್ನ ವಿಧಾನವನ್ನು ತೋರಿಸಿದಾಗ ದೊರೆತದ್ದು ಪರಿಹಾಸ. ಸರ್ಕಾರವು ನೇಮಿಸಿದ ವೈದ್ಯರ ಆಯೋಗವು 1938ರಲ್ಲಿ ವರದಿ ಕೊಟ್ಟು, ದಬ್ಬೆಗಳನ್ನು ಬಿಟ್ಟುಬಿಡುವುದು ಘೋರವಾದ ತಪ್ಪು ಎಂದು ತೀರ್ಪಿತ್ತಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಕೆನಿ ಬಿಡಲಿಲ್ಲ. 1939ರಲ್ಲಿ ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಆಕೆಗೆ ಒಂದು ವಾರ್ಡು ದೊರೆಯಿತು. ಅಲ್ಲಿನ ಕೆಲವರು ವೈದ್ಯರು ಫಲವನ್ನು ಕಣ್ಣಾರೆ ಕಂಡು ಆಕೆಯ ಪರವಾಗಿ ನಿಂತರು.

ಅವರ ಪರಿಚಯಪತ್ರಗಳನ್ನು ಹಿಡಿದು, ಅರವತ್ತರ ಹೊಸ್ತಿಲಲ್ಲಿ, 1940ರಲ್ಲಿ ಕೆನಿ ಅಮೆರಿಕಕ್ಕೆ ಹೊರಟಳು. ನ್ಯೂಯಾರ್ಕ್, ಷಿಕಾಗೋ ನಗರಗಳಲ್ಲಿ ಮನ್ನಣೆ ಸಿಗಲಿಲ್ಲ. ಕಡೆಗೆ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ವೈದ್ಯರು ಆಕೆಯನ್ನು ದೂರಮಾಡದೆ, ಪರೀಕ್ಷಿಸಿ ನೋಡಲು ಒಪ್ಪಿದರು. ಆಕೆ ನೋಡಿಕೊಂಡ ರೋಗಿಗಳಿಗೆ ನೋವು ಕಡಮೆಯಾಯಿತು, ಅಂಗಗಳು ಗಡುಸಾಗದೆ ಉಳಿದವು. 1942ರ ಡಿಸೆಂಬರಿನಲ್ಲಿ ಆ ನಗರದಲ್ಲಿ ಆಕೆಯ ಹೆಸರಿನ ಸಂಸ್ಥೆಯೊಂದು ತೆರೆಯಿತು. ಅಲ್ಲಿ ದಾದಿಯರೂ ಭೌತಚಿಕಿತ್ಸಕರೂ ಆಕೆಯ ವಿಧಾನವನ್ನು ಕಲಿತರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ದಬ್ಬೆಗಳು ಹಿಂದೆ ಸರಿದು, ಬಿಸಿ ಕಂಬಳಿಪಟ್ಟಿಗಳು ಬಂದವು. 1946ರಲ್ಲಿ ಆಕೆಯ ಬಾಳನ್ನು ಕುರಿತು ಚಲನಚಿತ್ರವೂ ತಯಾರಾಯಿತು. 1950ರಲ್ಲಿ ಅಮೆರಿಕದ ಸಂಸತ್ತು ಆಕೆಗೆ ಯಾವ ರಹದಾರಿಯ ಕಟ್ಟುಪಾಡೂ ಇಲ್ಲದೆ ಆ ದೇಶಕ್ಕೆ ಬಂದುಹೋಗುವ ಅಪೂರ್ವ ಗೌರವವನ್ನು ನೀಡಿತು.

ಆದರೂ ಕೆನಿ ಹೇಳಿದ್ದೆಲ್ಲವೂ ಸರಿಯಾಗಿತ್ತೆಂದು ತಿಳಿಯಬಾರದು. ರೋಗವು ಮುಖ್ಯವಾಗಿ ಸ್ನಾಯುವಿನಲ್ಲಿದೆಯೆಂದು ಆಕೆ ವಾದಿಸಿದಳು. ವಾಸ್ತವವಾಗಿ ಪೋಲಿಯೋ ವೈರಾಣು ಬೆನ್ನುಹುರಿಯಲ್ಲಿರುವ, ಸ್ನಾಯುಗಳಿಗೆ ಆಜ್ಞೆ ಕಳುಹಿಸುವ ನರಕೋಶಗಳನ್ನು ನಾಶಮಾಡುತ್ತದೆ. ಆ ಕೋಶಗಳೆಲ್ಲ ಸತ್ತ ಕಡೆ ಯಾವ ಶಾಖವೂ ಸ್ನಾಯುವನ್ನು ಎಬ್ಬಿಸಲಾರದು. ಕೆಲವು ಕೋಶಗಳು ಬದುಕಿದ್ದರೆ ಮಾತ್ರ ಅವುಗಳ ನರತಂತುಗಳು ಕವಲೊಡೆದು ಸ್ನಾಯುವಿಗೆ ಮತ್ತೆ ಜೀವ ತುಂಬುತ್ತವೆ. ಅಭ್ಯಾಸದಿಂದ ಆ ಬಲ ಬೆಳೆಯುತ್ತದೆ. ಅಲ್ಲದೆ ಅನೇಕ ಮಕ್ಕಳು ತಾವಾಗಿಯೇ ಎಷ್ಟೋ ಚೇತರಿಸಿಕೊಳ್ಳುತ್ತಿದ್ದುದರಿಂದ, ಆಕೆ ಹೇಳಿಕೊಂಡ ಫಲಗಳಲ್ಲಿ ಉತ್ಪ್ರೇಕ್ಷೆಯಿದೆಯೆಂದು ವೈದ್ಯರು ಆಕ್ಷೇಪಿಸಿದ್ದರಲ್ಲಿ ಅರ್ಥವಿತ್ತು. ಆಕೆಯ ಮಾತು ಕಟು, ಹಟ ಬಲು ದೊಡ್ಡದು; ತನ್ನನ್ನು ಪ್ರಶ್ನಿಸಿದವರನ್ನು ಆಕೆ ಸಹಿಸುತ್ತಿರಲಿಲ್ಲ. ಇತ್ತ ತಜ್ಞರೂ ಆಕೆಯ ವಿವರಣೆ ತಪ್ಪೆಂಬ ಕಾರಣಕ್ಕೆ ಆಕೆಯ ಕೈಗಳು ಕಂಡ ಸತ್ಯವನ್ನು ಬಹುಕಾಲ ಕಾಣದೆ ಹೋದರು. ಈ ಜಗಳದಲ್ಲಿ ಕಳೆದುಹೋದ ವರ್ಷಗಳ ಬೆಲೆಯನ್ನು ತೆತ್ತವರು ದಬ್ಬೆಗಳಲ್ಲಿ ಬಂಧಿತರಾಗಿದ್ದ ಮಕ್ಕಳು.

ಕಡೆಗಾಲದಲ್ಲಿ ಕೆನಿಯನ್ನು ನಡುಗುರೋಗ ಕಾಡಿತು. ಸಾವಿರಾರು ಅಂಗಗಳನ್ನು ಸ್ಥಿರವಾಗಿ ಹಿಡಿದು ಆಡಿಸಿದ ಆ ಕೈಗಳು ತಮ್ಮ ಸ್ಥಿರತೆಯನ್ನು ಕಳೆದುಕೊಂಡವು. 1951ರಲ್ಲಿ ಆಕೆ ಟೂವೂಂಬಾ ಪಟ್ಟಣಕ್ಕೆ ಮರಳಿ, 1952ರ ನವೆಂಬರ್ 30ರಂದು ಅಲ್ಲಿಯೇ ತೀರಿಕೊಂಡಳು. ತಾನು ಕುದುರೆಯೇರಿ ಸುತ್ತಾಡಿದ ನಾಬಿಯ ಮಣ್ಣಿನಲ್ಲಿಯೇ ಆಕೆಯ ಸಮಾಧಿಯಾಯಿತು.

1955ರಲ್ಲಿ ಜೋನಸ್ ಸಾಲ್ಕ್ ಎಂಬ ವಿಜ್ಞಾನಿಯ ಲಸಿಕೆ ಬಳಕೆಗೆ ಬಂದಿತು. ಮುಂದೆ ಬಾಯಿಗೆ ಹಾಕುವ ಹನಿಗಳೂ ಬಂದವು. ಊರೂರಿನಲ್ಲಿ ಮಕ್ಕಳಿಗೆ ಹನಿ ಹಾಕಿಸಿದ ಫಲವಾಗಿ ಭಾರತದಲ್ಲಿ 2011ರ ಜನವರಿಯ ಅನಂತರ ಕಾಡು ಪೋಲಿಯೋ ವೈರಾಣುವಿನಿಂದ ಯಾವ ಮಗುವೂ ಕಾಲು ಕಳೆದುಕೊಂಡಿಲ್ಲ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು. ಕೆನಿ ಎದುರಿಸಿದ ರೋಗ ಹೀಗೆ ಹಿಂದೆ ಸರಿದರೂ ಆಕೆ ಕಲಿಸಿದ ಪಾಠ ಉಳಿದಿದೆ. ಅಪಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ಅಂಗದ ಬಲ ಕುಂದಿದವರನ್ನು ಇಂದು ಆದಷ್ಟು ಬೇಗ ಎಬ್ಬಿಸಿ, ಕೂರಿಸಿ, ನಡೆಸಲು ತೊಡಗುತ್ತಾರೆ. ಪದವಿಯಿಲ್ಲದ ಹಳ್ಳಿಯ ದಾದಿಯೊಬ್ಬಳು ರೋಗಿಯ ಪಕ್ಕದಲ್ಲಿ ಕುಳಿತು, ಕಣ್ಣಿಟ್ಟು ನೋಡಿ, ಕಂಡದ್ದನ್ನು ಬಿಡದೆ ಹಿಡಿದುದರಿಂದ ಎಷ್ಟೋ ಮಕ್ಕಳು ಊರುಗೋಲನ್ನು ಬದಿಗಿಟ್ಟು ನಡೆದುಹೋದರು. ಸಿಸ್ಟರ್ ಕೆನಿಯ ಹೆಸರು ಅವರ ಹೆಜ್ಜೆಗಳಲ್ಲಿ ಉಳಿಯಿತು.