ಹಳ್ಳಿಗೇ ಮೊದಲು ಎಂದವರು: ಡಾ. ವಿಕ್ರಮ್ ಸಾರಾಭಾಯಿ

ಈ ಸಲದ ಮಹನೀಯರ ಪರಿಚಯಕ್ಕೆ ನಾನು ಡಾ. ವಿಕ್ರಮ್ ಸಾರಾಭಾಯಿ ಅವರನ್ನು ಆರಿಸಿಕೊಂಡಿದ್ದೇನೆ. ನಮ್ಮೂರಿಂದ ಕೆ.ಆರ್. ಪುರಕ್ಕೆ ಹೋಗಿ ಬಸ್ಸು ಬದಲಾಯಿಸಿ ಮಾರತ್ತಹಳ್ಳಿ ಕಡೆ ಹೋದರೆ ಅಲ್ಲಿ ಇಸ್ರೋ ಕೇಂದ್ರ ಇದೆ. ಇಂದಿರಾನಗರ ದಾಟಿ ಹಳೇ ಏರ್‌ಪೋರ್ಟ್ ರಸ್ತೆಗೆ ಬಂದರೆ ವಿಮಾನಪುರದಲ್ಲಿ ಇನ್ನೊಂದು ಇದೆ. ನಮ್ಮ ದೇಶದ ಉಪಗ್ರಹಗಳು ತಯಾರಾಗುವುದು ಇಲ್ಲೇ. ಇಷ್ಟು ಹತ್ತಿರ ಇದ್ದರೂ ಈ ಕೆಲಸಕ್ಕೆ ನಾಂದಿ ಹಾಡಿದವರು ಯಾರು ಅಂತ ನಮ್ಮ ಕ್ಲಾಸಿನಲ್ಲಿ ಕೇಳಿದಾಗ ಮೂರೇ ಜನ ಕೈ ಎತ್ತಿದರು. ಅದಕ್ಕೇ ಇದನ್ನು ಬರೆದೆ.

ವಿಕ್ರಮ್ ಅವರು 1919ರ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ್, ತಾಯಿ ಸರಳಾದೇವಿ. ಬಟ್ಟೆ ಗಿರಣಿಗಳಿದ್ದ ಶ್ರೀಮಂತ ಮನೆತನ. ಎಂಟು ಜನ ಮಕ್ಕಳು. ತಾಯಿಯವರು ಮನೆಯಲ್ಲೇ ಶಾಲೆ ನಡೆಸಿ ಮಕ್ಕಳಿಗೆ ಪಾಠ ಹೇಳಿಸಿದರು. ಆಮೇಲೆ ವಿಕ್ರಮ್ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋಗಿ 1940ರಲ್ಲಿ ಪದವಿ ಪಡೆದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಆದ್ದರಿಂದ ಊರಿಗೆ ಮರಳಿ, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಸರ್ ಸಿ.ವಿ. ರಾಮನ್ ಅವರ ಶಿಷ್ಯರಾದರು. ಆಕಾಶದಿಂದ ಬರುವ ವಿಶ್ವಕಿರಣಗಳನ್ನು ಅಳೆಯುವುದು ಅವರ ಸಂಶೋಧನೆ. ಅದೇ 1940ರಲ್ಲಿ ನಮ್ಮ ಪೂರ್ವದ ಕಡೆ ವಿಮಾನ ಕಾರ್ಖಾನೆಯೂ ಶುರುವಾಯಿತು. ಮುಂದೆ ಆ ಕಾರ್ಖಾನೆಯ ಪಕ್ಕದಲ್ಲೇ ಉಪಗ್ರಹ ಕಟ್ಟುತ್ತಾರೆ ಅಂತ ಆಗ ಯಾರಿಗೆ ತಾನೇ ಗೊತ್ತಿತ್ತು! ಬೆಂಗಳೂರಿನಲ್ಲೇ ಅವರಿಗೆ ನೃತ್ಯಗಾರ್ತಿ ಮೃಣಾಲಿನಿಯವರ ಪರಿಚಯವಾಗಿ, 1942ರಲ್ಲಿ ಮದುವೆಯಾಯಿತು.

1947ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಬಂತು. ಅದೇ ವರ್ಷ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯ ಸ್ಥಾಪಿಸಿದರು. ಆಗ ಅವರ ವಯಸ್ಸು ಬರೀ 28. ಮುಂದೆ 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಮೊದಲ ರಾಕೆಟ್ ಹಾರಿತು. ಅಲ್ಲಿನ ಚರ್ಚೇ ಆಫೀಸು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನಲ್ಲಿ ಸಾಗಿಸಿದ ಫೋಟೋ ನೀವೂ ನೋಡಿರಬಹುದು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು.

ಆಗ ಕೆಲವರು, ಹೊಟ್ಟೆಗೆ ಹಿಟ್ಟಿಲ್ಲದ ಬಡ ದೇಶಕ್ಕೆ ರಾಕೆಟ್ ಯಾಕೆ ಅಂತ ಕೇಳುತ್ತಿದ್ದರು. ಬಡ ದೇಶಕ್ಕೇ ಅದು ಹೆಚ್ಚು ಬೇಕು ಅನ್ನುವುದು ಸಾರಾಭಾಯಿಯವರ ವಿಚಾರ. ಯಾಕೆ ಅಂದರೆ ಬೆಟ್ಟ, ಕಾಡು, ನದಿ ದಾಟಿ ಒಂದೊಂದು ಹಳ್ಳಿಗೂ ತಂತಿ ಎಳೆಯಲು ತುಂಬಾ ಖರ್ಚು, ತುಂಬಾ ವರ್ಷ. ಟವರ್ ನಿಲ್ಲಿಸಿದರೂ ಅದರ ಅಲೆಗಳಿಗೆ ಬೆಟ್ಟ ಅಡ್ಡ ಬರುತ್ತದೆ. ಆದರೆ ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲೆ ಒಂದು ಉಪಗ್ರಹ ಇಟ್ಟರೆ ಅದು ಭೂಮಿಯ ಜೊತೆಗೇ ದಿನಕ್ಕೆ ಒಂದು ಸುತ್ತು ಹಾಕುತ್ತದೆ. ಕೆಳಗಿನಿಂದ ನೋಡುವವರಿಗೆ ಒಂದೇ ಕಡೆ ನಿಂತ ಹಾಗೆ. ಊರ ಮಧ್ಯದ ಕಂಬದ ದೀಪ ಎಲ್ಲಾ ಬೀದಿಗೂ ಬೆಳಕು ಕೊಡುವ ಹಾಗೆ ಅದು ಇಡೀ ದೇಶಕ್ಕೆ ಅಲೆಗಳನ್ನು ಕಳಿಸುತ್ತದೆ. ಪಟ್ಟಣ, ಹಳ್ಳಿ ಅಂತ ಭೇದ ಇಲ್ಲ. ಹಳ್ಳಿಯಲ್ಲಿ ಒಂದು ಡಿಶ್ ಇದ್ದರೆ ಸಾಕು.

ಇದಕ್ಕಾಗಿ 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಆದರೆ ಫಲ ನೋಡುವ ಭಾಗ್ಯ ಅವರಿಗಿರಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಹಠಾತ್ತನೆ ತೀರಿಹೋದರು. ಬರೀ 52 ವರ್ಷ.

ಅವರು ಹೋದರೂ ಕೆಲಸ ನಿಲ್ಲಲಿಲ್ಲ. ಅವರ ಶಿಷ್ಯರು, ನಮ್ಮ ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸಿದರು. ಅದು 1975ರ ಏಪ್ರಿಲ್ 19ರಂದು ಮೇಲೇರಿತು. ಅದೇ ವರ್ಷ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ನಮ್ಮ ರಾಜ್ಯದ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅಂದರೆ ಬೆಂಗಳೂರಿನ ಮನೆಗಳಲ್ಲಿ ಟಿ.ವಿ. ಇಲ್ಲದ ಕಾಲದಲ್ಲಿ ಅಲ್ಲಿನ ರೈತರು ಕನ್ನಡದಲ್ಲಿ ಕಾರ್ಯಕ್ರಮ ನೋಡಿದರು! ತಂತಿಬಲೆಯ ಸುಮಾರು ಹತ್ತು ಅಡಿ ಅಗಲದ ಡಿಶ್, ಅದಕ್ಕೊಂದು ಟಿ.ವಿ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ವಿಷಯ.

ಮಿತ್ರರೇ, ಈಗ ಟಿ.ವಿ. ಎಲ್ಲರ ಮನೆಯಲ್ಲೂ ಇದೆ, ಇದೆಲ್ಲಾ ಹಳೇ ಕಥೆ ಅನ್ನಬೇಡಿ. ನಮ್ಮ ದೊಡ್ಡಮ್ಮನನ್ನು ಸಕಲೇಶಪುರದ ಕಡೆ ಕೊಟ್ಟಿದ್ದಾರೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಅವರ ಮಗಳು, ನಮ್ಮಕ್ಕ, ಎಂಟನೇ ಕ್ಲಾಸು. ಪಾಠ ಎಲ್ಲಾ ಫೋನಿನಲ್ಲಿ. ಅವರ ಮನೆ ಹತ್ತಿರ ಸಿಗ್ನಲ್ ಬರೋದೇ ಇಲ್ಲ. ದಿನಾ ಗುಡ್ಡ ಹತ್ತಿ ಕೊಡೆ ಹಿಡಿದುಕೊಂಡು ಪಾಠ ಕೇಳುತ್ತಿದ್ದಳು. ಜೋರು ಮಳೆ ಬಂದರೆ ಅದೂ ಇಲ್ಲ. ಗಣಿತದಲ್ಲಿ ಆಗ ಹಿಂದೆ ಬಿದ್ದವಳು ಮತ್ತೆ ಸುಧಾರಿಸಲಿಲ್ಲ. ನರ್ಸ್ ಆಗಬೇಕು ಅಂತ ಆಸೆ ಇತ್ತು, ಆದರೂ ಪಿ.ಯು.ಸಿ.ಯಲ್ಲಿ ವಿಜ್ಞಾನ ತಗೊಳ್ಳಲಿಲ್ಲ. ನಾನು ಇಲ್ಲಿ ಮನೆಯಲ್ಲೇ ಕೂತು ಪಾಠ ಕೇಳಿದೆ. ಅವಳು ನನಗಿಂತ ಜಾಣೆ. ಸಾರಾಭಾಯಿಯವರು ಯೋಚಿಸಿದ್ದು ಇಂಥವರಿಗಾಗಿಯೇ ಅಂತ ನನಗೆ ಅನ್ನಿಸುತ್ತದೆ.

ಈಗ ಉಪಗ್ರಹದಿಂದ ಇಂಟರ್ನೆಟ್ಟೂ ಬರುತ್ತದೆ. 2018ರ ಡಿಸೆಂಬರ್ 5ರಂದು ಹಾರಿದ ಇಸ್ರೋದ ಜಿಸ್ಯಾಟ್-11, ಕೇಬಲ್ ಹೋಗದ ಪಂಚಾಯ್ತಿಗಳಿಗೂ ಇಂಟರ್ನೆಟ್ ಕೊಡಲೆಂದೇ ಮಾಡಿದ್ದು. ಅದರ ತೂಕ 5,854 ಕಿಲೋ! 2024ರ ನವೆಂಬರಿನಲ್ಲಿ ಜಿಸ್ಯಾಟ್-ಎನ್2 ಹೋಯಿತು. ಇದರಲ್ಲಿ ಒಂದು ತೊಡಕು ಇದೆ. ನಾವು ಫೋನಿನಲ್ಲಿ ಕೇಳಿದ ಪ್ರಶ್ನೆ 36,000 ಕಿ.ಮೀ. ಹತ್ತಿ ಇಳಿದು, ಉತ್ತರವೂ ಹಾಗೇ ಹತ್ತಿ ಇಳಿದು ಬರಬೇಕು. ಬೆಳಕಿನ ವೇಗದಲ್ಲಿ ಹೋದರೂ ಸುಮಾರು ಅರ್ಧ ಸೆಕೆಂಡು ಬೇಕು. ಅದಕ್ಕೇ ಕೆಲವು ದೇಶಗಳ ಕಂಪನಿಗಳು ಕೆಲವೇ ನೂರು ಕಿ.ಮೀ. ಎತ್ತರದಲ್ಲಿ ಸಾವಿರಾರು ಸಣ್ಣ ಉಪಗ್ರಹ ಬಿಟ್ಟಿವೆ. ಅದರಲ್ಲಿ ಬೇಗ ಬರುತ್ತದೆ, ಆದರೆ ಬಡವರಿಗೆ ಎಟುಕುವ ಬೆಲೆಗೆ ಸಿಗಬೇಕಲ್ಲ! ಆಕಾಶದಲ್ಲಿ ದಾರಿ ಇದ್ದರೂ ಗುಡ್ಡದ ಮನೆಗೆ ಡಿಶ್ ಇಲ್ಲದಿದ್ದರೆ ಏನು ಪ್ರಯೋಜನ?

ಸಾರಾಭಾಯಿಯವರಿಗೆ 1966ರಲ್ಲಿ ಪದ್ಮಭೂಷಣ, ನಿಧನದ ನಂತರ 1972ರಲ್ಲಿ ಪದ್ಮವಿಭೂಷಣ ಬಂತು. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದಿದ್ದೂ ವಿಕ್ರಮ್ ಎಂಬ ಹೆಸರಿನ ನೌಕೆಯೇ. ಇದೆಲ್ಲಾ ದೊಡ್ಡ ಗೌರವ. ಆದರೆ ಮೊಬೈಲ್ ಟವರ್ ಕಾಣದ ಕಟ್ಟಕಡೆಯ ಊರಿನ ಶಾಲೆಯಲ್ಲೂ ಪಾಠ ನಿಲ್ಲದೆ ಬಂದ ದಿನ ಅವರಿಗೆ ಅದಕ್ಕಿಂತ ದೊಡ್ಡ ಗೌರವ ಸಿಕ್ಕ ಹಾಗೆ. ನಮ್ಮಲ್ಲೇ ಯಾರಾದರೂ ಮುಂದೆ ವಿಮಾನಪುರದಲ್ಲಿ ಕೆಲಸಕ್ಕೆ ಸೇರಿದರೆ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

— 7ನೇ ತರಗತಿ, ಕನ್ನಡ ಮಾಧ್ಯಮ